ಮಳೆ ಬಂದ ಕಾರಣ ರೇನ್ ಡ್ಯಾನ್ಸ್ ಕ್ಯಾನ್ಸಲ್

ಹೋದ ಜುಲೈನಲ್ಲಿ ಮೂಡಿಗೆರೆ ಕಡೆ ಒಂದು ರೆಸಾರ್ಟಿಗೆ ಹೋಗಿದ್ವಿ. ಹೆಸರು ಬೇಡ ಬಿಡಿ, ಆ ಕಡೆ ತೋಟದವ್ರು ಈಗ ಕಾಫಿ ಹಣ್ಣಿಗಿಂತ ಜಾಸ್ತಿ ಬೆಂಗಳೂರಿನವ್ರನ್ನೇ ಕುಯ್ಲು ಮಾಡ್ತಿರೋದ್ರಿಂದ ಯಾವ ಹೆಸ್ರು ಹೇಳಿದ್ರೂ ಹತ್ತು ಜನ ನಮ್ಗೇ ಅಂದಿದ್ದು ಅಂದ್ಕೋತಾರೆ.

ಜಾಹೀರಾತಲ್ಲಿ ಮೂರು ಐಟಂ ಇತ್ತು: ಖಾಸಗಿ ಜಲಪಾತ, ನೈಸರ್ಗಿಕ ಬಿಸಿನೀರಿನ ಬುಗ್ಗೆ, ಆಮೇಲೆ ರೇನ್ ಡ್ಯಾನ್ಸ್. ಮೂರನೇದು ಓದ್ದಾಗ್ಲೇ ಡೌಟು ಬರಬೇಕಿತ್ತು. ವರ್ಷಕ್ಕೆ 7000 ಮಿಲಿಮೀಟರ್ ದಾಟೋ ಆಗುಂಬೆಯಷ್ಟು ಅಲ್ದೇ ಇರಬಹುದು, ಆದ್ರೂ ಜುಲೈನಲ್ಲಿ ಇಲ್ಲಿ ಒಗೆದ ಬಟ್ಟೆ ವಾರಗಟ್ಲೆ ಒಣಗಲ್ಲ, ಒಲೆ ಮೇಲೆ ನೇತಾಕಿ ಹೊಗೆ ವಾಸ್ನೆ ಹಿಡಿಸ್ಕೊಂಡೇ ಹಾಕ್ಕೋಬೇಕು, ಅಂಥ ಊರಲ್ಲಿ ಪೈಪಿಗೆ ತೂತು ಕೊರೆದು ನೀರು ಬಿಡೋದಕ್ಕೆ ತಲೆಗೆ 350 ರೂಪಾಯಿ.

ಒರಿಜಿನಲ್ ಫಾಲ್ಸ್ ನೋಡ್ಬಹುದಿತ್ತಲ್ಲ ಅಂತೀರಾ? ಅಲ್ಲೇ ಚಾರ್ಮಾಡಿ ಘಾಟಿ ಇದೆ, ಮಳೆಗಾಲದಲ್ಲಿ ತಿರುವಿಗೊಂದು ಜಲಪಾತ ತಾನಾಗೇ ಧುಮುಕ್ತಿರತ್ತೆ, ಬಂಡೆ ಹತ್ಬೇಡಿ ಅಂತ ಬೋರ್ಡೂ ಇರತ್ತೆ, ನಮ್ಮ ಜನ ಅದೇ ಬೋರ್ಡಿಗೆ ಒರಗಿ ಸೆಲ್ಫಿ ತಕ್ಕೊಂಡು ಆಮೇಲೆ ಬಂಡೆ ಹತ್ತಾರೆ. 2024ರ ಜುಲೈನಲ್ಲಿ ಹೇಳಿ ಹೇಳಿ ಸಾಕಾದ ಪೊಲೀಸ್ರು ನೀರಿಗಿಳಿದವ್ರ ಬಟ್ಟೇನೇ ಎತ್ಕೊಂಡು ಹೋದ್ರು. ಕೃಷ್ಣ ಮಾಡಿದ್ರೆ ಲೀಲೆ, ಪೊಲೀಸ್ರು ಮಾಡಿದ್ರೆ ವೈರಲ್. ಅದ್ರ ಹಿಂದಿನ ವರ್ಷ ದೂಧ್‌ಸಾಗರಕ್ಕೆ ಹಳಿ ಮೇಲೆ ನಡ್ಕೊಂಡು ಹೋದೋರ ಕೈಲಿ ರೈಲ್ವೆಯವ್ರು ಬಸ್ಕಿ ಹೊಡೆಸಿದ್ರು. ಪ್ರತಿ ಮಳೆಗಾಲ ಯಾರೋ ಕಾಲು ಜಾರಿ ಹೋದ ಸುದ್ದಿ ಓದ್ತೀವಿ, ಹಾಗಾಗಿ ಪೊಲೀಸ್ರನ್ನ ಬೈಯ್ಯೋಕೂ ಬಾಯಿ ಬರಲ್ಲ. ಸರಿ, ಬಟ್ಟೆ ಉಳಿಯೋ ಜಲಪಾತಕ್ಕೇ ಹೋಗೋಣ ಅಂತ ಬುಕ್ ಮಾಡ್ದೆ.

ಖಾಸಗಿ ಜಲಪಾತ ಒಂದು ಹದಿನೈದಡಿ ಇತ್ತು. ಸಿಮೆಂಟ್ ಬಂಡೆ, ಬಂಡೆಗೆ ಬ್ರೌನ್ ಪೇಂಟು, ಪೇಂಟು ಎದ್ದಿರೋ ಕಡೆ ಒಳಗಿನ ಕಬ್ಬಿಣದ ಮೆಶ್ಶು. ಮಗಳು ಕೆಳಗೆ ನಿಂತು ಕೈ ಚಾಚಿ ಪೋಸ್ ಕೊಟ್ಲು, ನಾನು ಮೊಬೈಲ್ ಎತ್ತೋ ಹೊತ್ತಿಗೆ ಕರೆಂಟ್ ಹೋಯ್ತು, ಜಲಪಾತ ನಿಂತ್‌ಹೋಯ್ತು. ಮೇಲೆ ಪಿವಿಸಿ ಪೈಪಿನ ಬಾಯಲ್ಲಿ ಒಂದು ಸಿಲ್ವರ್ ಮರದ ಎಲೆ ಸಿಕ್ಕಾಕ್ಕೊಂಡು ತೊಟ್ಟಿಕ್ತಾ ಇತ್ತು. 253 ಮೀಟರಿನ ಜೋಗ ನಮ್ಹತ್ರ ಇತ್ತು, 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಶರಾವತೀನ ಟರ್ಬೈನ್ ಕಡೆ ತಿರುಗಿಸಿದ್ವಿ, ಬೇಸಿಗೇಲಿ ರಾಜ ರಾಣಿ ರೋರರ್ ರಾಕೆಟ್ ನಾಲ್ಕೂ ಸೇರಿದ್ರೂ ಒಂದು ದಾರ. ಅಂದ್ರೆ ಜೋಗದಲ್ಲಿ ಜಲಪಾತ ನಿಲ್ಸಿ ಕರೆಂಟ್ ಮಾಡ್ತೀವಿ, ಆ ಕರೆಂಟ್ ತಂದು ಇಲ್ಲಿ ಜಲಪಾತ ಮಾಡ್ತೀವಿ.

ಆಮೇಲೆ ಜನರೇಟರ್ ಡಬಡಬ ಅಂತ ಶುರುವಾಗಿ ಮೊದ್ಲು ತುಕ್ಕಿನ ಬಣ್ಣದ ನೀರು ಬಂತು. ಬೇಲಿ ಆಚೆ ಅಸಲಿ ಹಳ್ಳ ಒಂದು ಭೋರ್ ಅಂತ ಹರೀತಿತ್ತು. ಆ ಕಡೆ ಹೋಗ್ಬೇಡಿ ಸರ್, ಉಂಬಳ ಇದೆ ಅಂದ್ರು.

ಇನ್ನು ಬುಗ್ಗೆ. ಬೋರ್ಡಲ್ಲಿ "ನೈಸರ್ಗಿಕ ಬಿಸಿನೀರಿನ ಬುಗ್ಗೆ, ಸಮಯ ಬೆಳಗ್ಗೆ 7ರಿಂದ 9". ಭೂಮಿತಾಯಿಗೂ ಶಿಫ್ಟು. ಏಳೂವರೆಗೆ ಟವೆಲ್ ಹೆಗಲಿಗೆ ಹಾಕ್ಕೊಂಡು ಹೋದ್ರೆ ತೊಟ್ಟಿ ನೀರು ತಣ್ಣಗೆ ಕೊರೀತಿದೆ, ಗೋಡೆ ಹಿಂದಿಂದ ಹೊಗೆ. ಇಣುಕಿ ನೋಡ್ದೆ, ವಯಸ್ಸಾದೋರೊಬ್ರು ದೊಡ್ಡ ಹಂಡೆ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣೊರೆಸ್ಕೋತಾ ಊದ್ತಿದ್ರು.

"ಏನಣ್ಣಾ ಇದು?"

"ಸೌದೆ ಹಸಿ ಸಾರ್, ಹತ್ಕೋತಿಲ್ಲ. ಬುಗ್ಗೆ ಇವತ್ತು ಸ್ವಲ್ಪ ಲೇಟು."

ಗುಳ್ಳೆ ಏಳೋಕೆ ಮೀನಿನ ತೊಟ್ಟಿಗೆ ಹಾಕೋ ಏರ್ ಪಂಪ್ ಇತ್ತು, ಅದು ಮಾತ್ರ ಟೈಮಿಗೆ ಸರಿಯಾಗಿ ಕೆಲ್ಸ ಮಾಡ್ತಿತ್ತು.

ನನ್ನ ಹೆಂಡತಿ ಪುತ್ತೂರಿನವ್ಳು. ಅಲ್ಲೀವರ್ಗೂ ಸುಮ್ನಿದ್ದೋಳು ಆಗ ಬಾಯಿ ಬಿಟ್ಲು: "ನಮ್ಮ ಇರ್ದೆಯಲ್ಲಿ ಬೆಂದ್ರು ತೀರ್ಥ ಉಂಟಲ್ಲ ಮಾರಾಯ್ರೆ, ಮದುವೆ ಆದಾಗಿನಿಂದ ಕರೀತಾ ಇದ್ದೇನೆ, ಒಂದು ದಿನ ಬಂದಿದ್ದೀರಾ?" ಬಂದಿಲ್ಲ. ತುಳುವಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು, ಸೀರೆ ಹೊಳೆ ದಡದಲ್ಲಿ ಮಳೆ ನೀರು ಬಿರುಕಲ್ಲಿ ಆಳಕ್ಕೆ ಇಳಿದು ಬಿಸಿಯಾಗಿ ಗಂಧಕದ ವಾಸ್ನೆ ಹೊತ್ಕೊಂಡು ತಾನೇ ಮೇಲೆ ಬರತ್ತೆ, ಸೌದೆ ಬೇಡ, ಪಂಪ್ ಬೇಡ. ಆದ್ರೆ ಅಲ್ಲಿ ವೆಲ್‌ಕಮ್ ಡ್ರಿಂಕ್ ಇಲ್ಲ, ಕೈಗೆ ಬಣ್ಣದ ಬ್ಯಾಂಡ್ ಕಟ್ಟಲ್ಲ, ಹೋದೆ ಅಂತ ಆಫೀಸಲ್ಲಿ ಹೇಳಿದ್ರೆ ಎಲ್ಲಿ ಬರತ್ತೆ ಅದು ಅಂತಾರೆ.

ಸಂಜೆ ಐದಕ್ಕೆ ರೇನ್ ಡ್ಯಾನ್ಸ್. ನಾಲ್ಕೂಮುಕ್ಕಾಲಿಗೆ ಮಳೆ ಹಿಡೀತು ನೋಡಿ, ಎದುರುಗಡೆ ಗುಡ್ಡ ಕಾಣಲ್ಲ. ಇಪ್ಪತ್ತು ಜನ ಛತ್ರಿ ಹಿಡ್ಕೊಂಡು, ಕೆಲವ್ರು ರೇನ್‌ಕೋಟ್ ಹಾಕ್ಕೊಂಡು, ನೆನೆಯೋಕೆ ಕ್ಯೂ ನಿಂತಿದ್ವಿ. ಡಿಜೆ ಹುಡುಗ ಟಾರ್ಪಾಲ್ ಕೆಳಗೆ ಸ್ಪೀಕರಿಗೆ ಪ್ಲಾಸ್ಟಿಕ್ ಸುತ್ತಾ ಇದ್ದ. ಒಂದು ಪುಟಾಣಿ ಅಂಗಳಕ್ಕೆ ಓಡಿ ಕುಣಿಯೋಕೆ ಶುರು ಮಾಡ್ತು, ಅದರಮ್ಮ "ಏ, ಶೀತ ಆಗತ್ತೆ, ಒಳಗೆ ಬಾ" ಅಂತ ದರದರ ಎಳ್ಕೊಂಡು ಬಂದು ಮತ್ತೆ ಕ್ಯೂನಲ್ಲಿ ನಿಲ್ಸಿದ್ರು. ಅಷ್ಟರಲ್ಲಿ ಮ್ಯಾನೇಜರ್ ಬಂದು ಕೈ ಮುಗಿದ.

"ಸಾರಿ ಸರ್, ಮಳೆ ಬಂತು. ರೇನ್ ಡ್ಯಾನ್ಸ್ ಕ್ಯಾನ್ಸಲ್."

ಎಲ್ರೂ ಅಯ್ಯೋ ಅಂತ ಮುಖ ಸಣ್ಣ ಮಾಡ್ಕೊಂಡು ಆ ಮಳೇಲೇ ರೂಮಿಗೆ ಓಡಿದ್ವಿ, ಹೋಗೋದ್ರಲ್ಲಿ ಒಳ ಬನಿಯನ್ನು ಸಮೇತ ಒದ್ದೆ.

ಮಾರನೇ ದಿನ ಚೆಕ್‌ಔಟ್ ಮಾಡ್ವಾಗ ಬಿಲ್ ನೋಡ್ದೆ, ರೇನ್ ಡ್ಯಾನ್ಸ್ ನಾಲ್ಕು ಜನಕ್ಕೆ 1400, ಮೇಲೆ ಜಿಎಸ್‌ಟಿ. ಇದೇನ್ರೀ ಇದು, ಕ್ಯಾನ್ಸಲ್ ಆಯ್ತಲ್ಲ ಅಂದೆ. ಮ್ಯಾನೇಜರ್ ಕಂಪ್ಯೂಟರಿಂದ ತಲೆ ಎತ್ತಿ ನನ್ನ ಕಾಲ ಹತ್ರ ಇನ್ನೂ ನೀರು ಸೋರ್ತಿದ್ದ ಬ್ಯಾಗ್ ನೋಡಿ, "ಆದ್ರೂ ನೆಂದ್ರಲ್ವಾ ಸರ್?" ಅಂದ.