ಬೆವರು ವಾಸನೆ ಬರ್ತಿದೆಯಂತೆ

ಮೂಸಿದ. ಅಂಗಡಿ ಹುಡುಗ ನನ್ನ ಕಣ್ಣೆದುರೇ ಬೆಲ್ಟನ್ನು ಎರಡೇ ಬೆರಳಲ್ಲಿ ಎತ್ತಿ, ಮೂಗಿನ ಹತ್ತಿರ ತಂದು, ಮೂಸಿ ನೋಡಿದ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು, "ಬೆವರು ವಾಸನೆ ಬರ್ತಿದೆ ಮೇಡಂ, ಇದನ್ನ ಹೆಂಗೆ ವಾಪಸ್ ತಗೊಳ್ಳೋದು?" ಅಂದ. ಮೆಲ್ಲಗೆ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದ.

ಅದು ಓಡುವಾಗ ನೀರಿನ ಬಾಟಲಿ ಸಿಕ್ಕಿಸಿ ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟು ಕಣ್ರೀ! ಓಡಿದರೆ ಬೆವರು ಬರದೆ ಪನ್ನೀರು ಬರುತ್ತದಾ?

ಮನೆಗೆ ಬಂದು ಎರಡು ಗಂಟೆಯಾಯಿತು. ಊಟ ಸೇರಲಿಲ್ಲ. ಅಮ್ಮ ಎರಡು ಸಲ ಕರೆದರು, ಹಸಿವಿಲ್ಲ ಅಂದೆ. ಕಣ್ಣು ಮುಚ್ಚಿದರೆ ಆ ಎರಡು ಬೆರಳೇ ಕಾಣುತ್ತವೆ.

ಶುಕ್ರವಾರ ಕೊಳ್ಳುವಾಗಲೇ ನಾನು ಕೇಳಿದ್ದೆ. "ಬಾಟಲಿಗೆ ನೀರು ತುಂಬಿಸಿ ಕೊಡಿ, ಇಲ್ಲೇ ಅಂಗಡಿ ಮುಂದೆ ನಾಲ್ಕು ಹೆಜ್ಜೆ ಓಡಿ ನೋಡುತ್ತೇನೆ" ಅಂತ. ಇದೇ ಹುಡುಗ, "ಹೊಸ ಪೀಸು ಮೇಡಂ, ನೀರು ಹಾಕಂಗಿಲ್ಲ" ಅಂದ. ಸರಿ, ಮನೆಗೆ ತಂದು ಓಡಿ ನೋಡಿದೆ. ಈಗ ಓಡಿದ್ದೀರಿ, ವಾಪಸ್ ಇಲ್ಲ ಅನ್ನುತ್ತಾರೆ. ಹಾಗಾದರೆ ಇದು ಸರಿಯಾಗಿ ಕೂರುತ್ತದಾ ಇಲ್ಲವಾ ಅಂತ ಒಬ್ಬ ಮನುಷ್ಯ ತಿಳಿದುಕೊಳ್ಳುವುದು ಹೇಗೆ? ಖಾಲಿ ಬಾಟಲಿ ಇಟ್ಟುಕೊಂಡು ಕನ್ನಡಿ ಮುಂದೆ ನಿಂತರೆ ಎಲ್ಲ ಬೆಲ್ಟೂ ಚೆನ್ನಾಗೇ ಕೂರುತ್ತದೆ. 250 ಎಂ.ಎಲ್.ನ ಎರಡು ಬಾಟಲಿ ತುಂಬಿಸಿದರೆ ಅರ್ಧ ಕೆಜಿ. ಅರ್ಧ ಕೆಜಿ ಸೊಂಟದಲ್ಲಿ ನೇತಾಡುತ್ತಾ ಹೆಜ್ಜೆ ಹೆಜ್ಜೆಗೂ ಬಡಿಯುವಾಗಲೇ ಅದರ ಬಣ್ಣ ಗೊತ್ತಾಗುವುದು.

ಭಾನುವಾರ ಕುಕ್ಕರಹಳ್ಳಿ ಕೆರೆ ಸುತ್ತ 16 ಕಿಲೋಮೀಟರ್ ಅಭ್ಯಾಸದ ಓಟ ಇತ್ತು. ತಯಾರಿ ಹಾಫ್ ಮ್ಯಾರಥಾನಿಗೆ, ಅಂದರೆ 21.1. ಓಟದ ದಿನವಾದರೆ ದಾರಿಯುದ್ದಕ್ಕೂ ಟೇಬಲ್ ಹಾಕಿ ನೀರು ಕೊಡುತ್ತಾರೆ. ಅಭ್ಯಾಸದ ದಿನ ಬೆಳಗಿನ ಐದು ಗಂಟೆಗೆ ನನಗೆ ನೀರು ಕೊಡುವವರು ಯಾರು? ಎಳನೀರಿನವರೂ ಬಂದಿರುವುದಿಲ್ಲ. ಕೈಯಲ್ಲಿ ಬಾಟಲಿ ಹಿಡಿದು ಓಡಿದರೆ ಬಲಗಡೆಯ ಭುಜ ಎರಡು ದಿನ ನೋಯುತ್ತದೆ. ಅದಕ್ಕೇ ಬೆಲ್ಟು. ಶೋಕಿಗೆ ಅಲ್ಲ.

ಮೊದಲ ಸುತ್ತಿನಲ್ಲೇ ಶುರುವಾಯಿತು. ಬೆಲ್ಟು ಮೇಲೆ ಮೇಲೆ ಹತ್ತುತ್ತದೆ. ಎಳೆದು ಇಳಿಸುತ್ತೇನೆ, ನೂರು ಹೆಜ್ಜೆಗೆ ಮತ್ತೆ ಹೊಟ್ಟೆ ಮೇಲೆ ಬಂದು ಕೂತಿರುತ್ತದೆ. ಯಾಕೆ ಅಂತ ಈಗ ಗೊತ್ತಾಗಿದೆ. ಇದು ನಿಲ್ಲಬೇಕಾದದ್ದು ಸೊಂಟದ ಸಣ್ಣ ಜಾಗದಲ್ಲಲ್ಲ, ಅದಕ್ಕಿಂತ ಕೆಳಗೆ, ಸೊಂಟದ ಮೂಳೆ ಮೇಲೆ. ಅಳತೆಯನ್ನೂ ಅಲ್ಲೇ ತೆಗೆಯಬೇಕು. ಆ ಹುಡುಗ ಕೇಳಿದ್ದು "ನಿಮ್ದು ಪ್ಯಾಂಟ್ ಸೈಜ್ ಎಷ್ಟು ಮೇಡಂ" ಅಂತ. ಹೇಳಿದೆ, ಕೊಟ್ಟ. ಅದೂ ವೆಲ್ಕ್ರೋ ಪಟ್ಟಿ. ಬೆವರು ಇಳಿದು ಎಲಾಸ್ಟಿಕ್ ಒದ್ದೆಯಾದ ಮೇಲೆ ಜಗ್ಗಿ ಜಗ್ಗಿ ಇನ್ನೂ ಸಡಿಲವಾಯಿತು, ಬಿಗಿ ಮಾಡೋಣ ಅಂದರೆ ಪಟ್ಟಿ ಅಷ್ಟಕ್ಕೇ ಮುಗಿದಿದೆ. ಓಡುತ್ತಲೇ ಎಳೆದು ಬಿಗಿ ಮಾಡಿಕೊಳ್ಳುವ ಬಕಲ್ ಇರುವುದನ್ನು ತೋರಿಸಲೇ ಇಲ್ಲ.

ಇನ್ನೊಂದು ಸಂಕಟ. ನಾನು ಬಲಗಡೆ ಬಾಟಲಿಯಿಂದಲೇ ಕುಡಿದೆ. ಅದು ಅರ್ಧ ಖಾಲಿಯಾದ ಮೇಲೆ ಒಳಗೆ ನೀರು ಲೊಚಲೊಚ ಕುಲುಕತೊಡಗಿತು, ಭಾರ ಎಡಕ್ಕೆ ಸರಿದು ಬೆಲ್ಟು ಪೂರ್ತಿ ವಾಲಿಕೊಂಡಿತು. ಒಂದು ಗುಟುಕು ಇದರಿಂದ, ಒಂದು ಗುಟುಕು ಅದರಿಂದ ಕುಡಿಯಬೇಕಂತೆ. ಇದು ನನ್ನದೇ ತಪ್ಪು, ಒಪ್ಪುತ್ತೇನೆ. ಆದರೆ ಎಡಗಡೆ ಬಾಟಲಿಯ ಮುಚ್ಚಳ ಸೋರಿದ್ದು ನನ್ನ ತಪ್ಪಾ? ಎರಡನೇ ಸುತ್ತು ಮುಗಿಯುವ ಹೊತ್ತಿಗೆ ತೊಡೆವರೆಗೂ ಒದ್ದೆ. ಅದರಲ್ಲಿ ಓಆರ್‌ಎಸ್ ಕಲಸಿದ್ದೆ, ಅಂಟಂಟು. ಎದುರಿಗೆ ವಾಕಿಂಗ್ ಬರುತ್ತಿದ್ದ ಇಬ್ಬರು ಹೆಂಗಸರು ನನ್ನ ಪ್ಯಾಂಟು ನೋಡಿ ಸರಕ್ಕನೆ ಕಣ್ಣು ತಿರುಗಿಸಿದರು. ಅವರು ಏನಂದುಕೊಂಡರೋ. ಓಡಿಹೋಗಿ "ಬಾಟಲಿ ಸೋರಿದೆ ಕಣ್ರೀ" ಅಂತ ಹೇಳಬೇಕು ಅನಿಸಿತು. ಹೇಳಲಿಲ್ಲ. 11 ಕಿಲೋಮೀಟರಿಗೆ ನಿಲ್ಲಿಸಿ ಮನೆಗೆ ಬಂದೆ.

ಸ್ನಾನಕ್ಕೆ ನೀರು ಬಿದ್ದರೆ ಸೊಂಟದ ಸುತ್ತ ಬೆಂಕಿ. ಉಜ್ಜಿ ಉಜ್ಜಿ ಚರ್ಮ ಕೆಂಪಾಗಿ ಎರಡು ಕಡೆ ಕಿತ್ತು ಬಂದಿದೆ. ಅಮ್ಮ ಕೊಬ್ಬರಿ ಎಣ್ಣೆ ಸವರುತ್ತಾ, "ಬಿಗಿಯಾಗಿ ಡಾಬು ಕಟ್ಟಿದ ಹಾಗೆ ಗುರುತು ಬಿದ್ದಿದೆಯಲ್ಲೇ" ಅಂತ ಕಣ್ಣಲ್ಲಿ ನೀರು ತಂದುಕೊಂಡರು.

ಸರಿ, ಇವತ್ತಿನ ವಿಷಯಕ್ಕೆ ಬರುತ್ತೇನೆ. ಬಿಲ್ ಮೇಲೆ "ಏಳು ದಿನದೊಳಗೆ ಬದಲಾಯಿಸಿ ಕೊಡಲಾಗುವುದು" ಅಂತ ಸ್ಪಷ್ಟವಾಗಿ ಅಚ್ಚಾಗಿದೆ. ಇವತ್ತು ಮೂರನೇ ದಿನ. ನಾನು ದುಡ್ಡು ವಾಪಸ್ ಕೂಡ ಕೇಳಲಿಲ್ಲ. ಒಂದು ಸೈಜ್ ಚಿಕ್ಕದು ಕೊಡಿ, ಬಕಲ್ ಇರುವುದು ಕೊಡಿ, ಹೆಚ್ಚಾದರೆ ಮೇಲೆ ಕೊಡುತ್ತೇನೆ ಅಂದೆ. ಆಗಲೇ ಅವನು ಮೂಸಿದ್ದು. ನನ್ನ ಹಿಂದೆ ಮೊಮ್ಮಗನಿಗೆ ಶಟಲ್ ರ್‍ಯಾಕೆಟ್ ಕೊಳ್ಳಲು ಬಂದಿದ್ದ ಅಜ್ಜ, ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರು. ಒಬ್ಬಳು ಒಂದು ಹೆಜ್ಜೆ ಹಿಂದೆ ಸರಿದಳು. ನಾನು ನೋಡಿದೆ, ಹಿಂದೆ ಸರಿದಳು. ಅಂಗಡಿ ಯಜಮಾನರು ಮೊಬೈಲಿನಿಂದ ತಲೆ ಎತ್ತದೆ, "ಬೆವರಾದ ಮೇಲೆ ವಾಪಸ್ ಇಲ್ಲಮ್ಮ. ವಾಕಿಂಗಿಗೆ ಇಷ್ಟೆಲ್ಲ ಯಾಕೆ, ಒಂದು ಬಾಟ್ಲಿ ಕೈಲಿ ಹಿಡ್ಕೊಂಡ್ರೆ ಸಾಕಲ್ವಾ" ಅಂದರು.

ಅದಕ್ಕೆ ನಾನು ಏನಂದೆ ಗೊತ್ತಾ? "ಸಾರಿ ಸಾರ್" ಅಂದೆ.

ಸಾರಿ ಯಾಕೆ ಕೇಳಿದೆ? ಯಾವ ತಪ್ಪಿಗೆ? 1,450 ರೂಪಾಯಿ ಕೊಟ್ಟವಳು ನಾನು, ಚರ್ಮ ಕಿತ್ತುಕೊಂಡವಳು ನಾನು, ಸಾರಿ ಕೇಳಿದವಳೂ ನಾನೇ. ಬೆಲ್ಟನ್ನು ಪ್ಲಾಸ್ಟಿಕ್ ಕವರಿಗೆ ತುರುಕಿಕೊಂಡು, ತಲೆ ತಗ್ಗಿಸಿಕೊಂಡು ಮೆಟ್ಟಿಲು ಇಳಿದೆ. ಅವನು ಮೂಸಿದ್ದಕ್ಕಿಂತ ಇದೇ ಜಾಸ್ತಿ ಉರಿಯುತ್ತಿದೆ. ನಲವತ್ಮೂರನೇ ವಯಸ್ಸಿಗೆ ಓಟ ಕಲಿತವಳು ನಾನು. ಓಟಕ್ಕೆ ಮೊದಲು ಮತ್ತು ಆಮೇಲೆ ತೂಕ ನೋಡಿಕೊಳ್ಳುತ್ತೇನೆ, ನೀರು ಕುಡಿಯದೆ ಒಂದು ಗಂಟೆ ಓಡಿದರೆ 700 ಗ್ರಾಂ ಇಳಿದಿರುತ್ತದೆ. ಅಂದರೆ ಹೆಚ್ಚುಕಡಿಮೆ 700 ಎಂ.ಎಲ್. ಬೆವರು. ಆ ಲೆಕ್ಕ ಇಟ್ಟುಕೊಂಡೇ ಎಷ್ಟು ನೀರು ಒಯ್ಯಬೇಕು ಅಂತ ತೀರ್ಮಾನ ಮಾಡಿದ್ದು. ನನಗೆ ನನ್ನ ಬೆವರು ಅಂದರೆ ಹೆಮ್ಮೆ. ಇವತ್ತು ಸಂಜೆವರೆಗೂ ಹೆಮ್ಮೆಯಿತ್ತು.

ಹೋಗಲಿ ಬಿಡಿ. ಸಾವಿರದ ನಾನೂರೈವತ್ತು ಹೋಯಿತು ಅಂದುಕೊಂಡರಾಯಿತು. ದಿನವೂ ಓಡಾಡುವ ರಸ್ತೆ, ಸುಮ್ನೆ ಯಾಕೆ ಜಗಳ.

ಇಲ್ಲ, ಯಾಕೆ ಬಿಡಬೇಕು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ದಿನದೊಳಗೆ, ಬಿಲ್ಲಿನಲ್ಲಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಸೊಂಟಕ್ಕೆ ಕೂರಲಿಲ್ಲ ಅನ್ನುವುದು ದೋಷವೋ ಅಲ್ಲವೋ ಅಂತ ವಾದ ಮಾಡಬಹುದು. ಸೋರುವ ಬಾಟಲಿ ದೋಷ ಅಲ್ಲ ಅಂತ ಯಾರು ಹೇಳುತ್ತಾರೆ, ಹೇಳಲಿ ನೋಡೋಣ.

ಮೈಸೂರಲ್ಲಿ ಇಷ್ಟು ಜನ ಓಡುತ್ತೀರಲ್ಲ, ಕುಕ್ಕರಹಳ್ಳಿಯಲ್ಲಿ, ಬೆಟ್ಟದ ರಸ್ತೆಯಲ್ಲಿ, ಲಲಿತಮಹಲ್ ಕಡೆ ದಿನಾ ನೋಡುತ್ತೇನೆ. ನೀವೆಲ್ಲ ಬೆಲ್ಟು ಹೇಗೆ ಆರಿಸಿದಿರಿ? ಬೆಟ್ಟ ಇಳಿಯುವಾಗಲೂ ಕುಣಿಯದ ಬೆಲ್ಟು ಯಾವುದು? ಗಾಳಿ ಹಿಂಡಿ ತೆಗೆದರೆ ಕುಲುಕದ ಮೆತ್ತನೆ ಬಾಟಲಿ ಬಂದಿದೆಯಲ್ಲ, ಅದು ನಿಜವಾಗಲೂ ಸೋರುವುದಿಲ್ಲವಾ? ನೀರು ತುಂಬಿಸಿ ಓಡಿ ನೋಡಲು ಬಿಡುವ ಒಂದೇ ಒಂದು ಅಂಗಡಿ ಈ ಊರಲ್ಲಿ ಇದೆಯಾ? ಯಾರಾದರೂ ಉತ್ತರ ಕೊಡಿ. ಬರುವ ಭಾನುವಾರ ನನಗೆ 18 ಇದೆ, ಕೈಯಲ್ಲಿ ಬಾಟಲಿ ಹಿಡಿದು 18 ಆಗುವುದಿಲ್ಲ.

ಬೆಲ್ಟನ್ನು ಒಗೆದು ಹಾಕು ಅಂತ ಅಮ್ಮ ಈಗಷ್ಟೇ ಹೇಳಿ ಹೋದರು. ಒಗೆಯುವುದಿಲ್ಲ. ನಾಳೆ ಸಂಜೆ ಹೀಗೇ ತಗೊಂಡು ಹೋಗುತ್ತೇನೆ, ಬಿಲ್ ಸಮೇತ. ಎಡಗಡೆ ಬಾಟಲಿಗೆ ಮನೆಯಿಂದಲೇ ನೀರು ತುಂಬಿಸಿಕೊಂಡು ಹೋಗಿ, ಯಜಮಾನರ ಮೊಬೈಲ್ ಪಕ್ಕದಲ್ಲೇ ಕೌಂಟರ್ ಮೇಲೆ ತಲೆಕೆಳಗೆ ಮಲಗಿಸುತ್ತೇನೆ.