ಅದು ಟ್ರೆಕ್ಕಿಂಗ್ ದಾರಿಯಲ್ಲ, ಬೆಂಕಿ ರೇಖೆ

"ಮೇಲುಕೋಟೆ ಕಾಡಲ್ಲಿ ಹೊಸ ಟ್ರೆಕ್ಕಿಂಗ್ ದಾರಿ ಆಗಿದೆ, ಸರ್ಕಾರಿ ಜಾಗ, ಯಾರು ಬೇಕಾದರೂ ನಡೆಯಬಹುದು" ಎಂಬ ಸಂದೇಶ ಫೋಟೋ ಸಮೇತ ಮಂಡ್ಯ, ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಫೋಟೋದಲ್ಲಿರುವುದು ಬೆಂಕಿ ರೇಖೆ. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಹುಲ್ಲು, ಪೊದೆ ಸವರಿ, ಒಣಗಿದ್ದನ್ನು ಸುಟ್ಟು ಖಾಲಿ ಪಟ್ಟಿ ಮಾಡುತ್ತಾರೆ. ಕಾಳ್ಗಿಚ್ಚು ಬಂದರೆ ಸುಡಲು ಏನೂ ಸಿಗದೆ ಅಲ್ಲೇ ನಿಲ್ಲಲಿ ಅಂತ. ನೋಡಲು ಚೊಕ್ಕ ರಸ್ತೆಯಂತೆಯೇ ಕಾಣುತ್ತದೆ, ನಿಜ.

ಸರ್ಕಾರಿ ಜಾಗ ಅನ್ನುವುದೂ ಸರಿ. ಆದರೆ ಅದು 1974ರಿಂದ ವನ್ಯಜೀವಿಧಾಮ ಅಲ್ವಾ? 1972ರ ವನ್ಯಜೀವಿ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದೆ ಸುಮ್ನೆ ಒಳಗೆ ನುಗ್ಗುವಂತಿಲ್ಲ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಈ ತಡೆ ಇಲ್ಲ. ಚೆಲುವನಾರಾಯಣನ ದರ್ಶನಕ್ಕೆ ಹೊರಟವರು ಗಾಬರಿಯಾಗಬೇಕಿಲ್ಲ.