ಸೆಟಲ್ ಆದವರ ಪಾಡು

"ನಿಮ್ಮ ಕ್ರೆಡಿಟ್ ಸ್ಕೋರ್ ಬದಲಾಗಿದೆ. ನೋಡಲು ಇಲ್ಲಿ ಒತ್ತಿ." ಬೆಳಗಿನ ಕಾಫಿ ಗಂಟಲಿನಿಂದ ಕೆಳಗಿಳಿಯುವ ಮೊದಲೇ ಇಂಥದ್ದೊಂದು ಮೆಸೇಜು. ಏರಿದೆಯೋ ಇಳಿದಿದೆಯೋ ಎಂದು ಒಂದು ಪದ ಸೇರಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಒತ್ತಿದರೆ ಪ್ಯಾನ್ ಕೇಳುತ್ತದೆ, ಒಟಿಪಿ ಕೇಳುತ್ತದೆ. ಆಮೇಲೆ ಒಂದು ಮುಳ್ಳು ಕೆಂಪಿನಿಂದ ಹೊರಟು, ಹಳದಿಯಲ್ಲಿ ಸ್ವಲ್ಪ ಯೋಚಿಸಿ, ಹಸಿರಿನ ಬಾಗಿಲಲ್ಲಿ ನಿಲ್ಲುತ್ತದೆ: 771. ಕಳೆದ ಸಲ 782 ಇತ್ತು. ಉಳಿದ ಹನ್ನೊಂದನ್ನು ಯಾರು ತಿಂದರು?

ಬಿಲ್ಲು ಸರಿಯಾಗಿ ಕಟ್ಟುವವರಿಗೇ ಈ ಪ್ರಶ್ನೆ ಹೆಚ್ಚು ಉರಿಯುವುದು. ಉತ್ತರ ಬಹಳ ಸಲ ತಾರೀಖಿನಲ್ಲಿರುತ್ತದೆ. ಒಂದು ಲಕ್ಷ ಮಿತಿಯ ಕಾರ್ಡಿನಲ್ಲಿ ₹80,000 ಖರ್ಚು ಮಾಡಿ, ಗಡುವಿಗೆ ಪೂರ್ತಿ ಕಟ್ಟಿದರೂ, ನೀವು ಕಟ್ಟುವ ಮೊದಲೇ ಬ್ಯಾಂಕು ಬಾಕಿಯ ಲೆಕ್ಕವನ್ನು, ನಮ್ಮ ಸಾಲದ ನಡತೆ ನೋಡಿ ಈ ಅಂಕ ಹಾಕುವ ಸಿಬಿಲ್‌ನಂಥ ಕಂಪನಿಗಳಿಗೆ ಕಳಿಸಿಬಿಟ್ಟಿರುತ್ತದೆ. ಅವರ ವರದಿಯಲ್ಲಿ ನೀವು ಮಿತಿಯ ಶೇ. 80ರಷ್ಟನ್ನು ಉಜ್ಜಿದ ಹಸಿದ ಗಿರಾಕಿ. ಸ್ಟೇಟ್‌ಮೆಂಟ್ ತಯಾರಾಗುವ ಎರಡು ದಿನ ಮುಂಚೆ ₹50,000 ಕಟ್ಟಿಬಿಟ್ಟರೆ ಕಾಣುವುದು ಶೇ. 30 ಮಾತ್ರ. ದುಡ್ಡು ಅದೇ, ಜೇಬು ಅದೇ, ಮರ್ಯಾದೆ ಮಾತ್ರ ಬೇರೆ. 300ರಿಂದ 900ರವರೆಗಿನ ಈ ಏಣಿಯಲ್ಲಿ, ಜೀವಮಾನದಲ್ಲಿ ಒಂದು ರೂಪಾಯಿ ಸಾಲ ಮಾಡದ ಪುಣ್ಯಾತ್ಮರಿಗೆ ಮೆಟ್ಟಿಲೇ ಇಲ್ಲ. ಅವರ ಹೆಸರಿನ ಮುಂದೆ 'ಇತಿಹಾಸವಿಲ್ಲ' ಎಂದಿರುತ್ತದೆ.

ಇನ್ನು ಬೀರುವಿನಲ್ಲಿ ಮಲಗಿರುವ ಕಾರ್ಡು. ಯಾವತ್ತೂ ಉಜ್ಜಿಲ್ಲ, ಆದ್ದರಿಂದ ಸಾಲವಿಲ್ಲ ಎಂಬುದು ನಮ್ಮ ತರ್ಕ. ಅದಕ್ಕೆ ವಾರ್ಷಿಕ ಶುಲ್ಕ ₹499, ಮೇಲೆ ಶೇ. 18 ಜಿಎಸ್‌ಟಿ ಸೇರಿ ₹588.82 ಬೀಳುತ್ತದೆ. ಬಿಲ್ಲು ಹಳೆಯ ಇಮೇಲಿಗೆ ಹೋಗುತ್ತದೆ. ಗಡುವು ಮುಗಿದು ಮೂರು ದಿನ ದಾಟುವವರೆಗೆ ಬ್ಯಾಂಕು ಅದನ್ನು 'ತಡ' ಎಂದು ವರದಿ ಮಾಡುವಂತಿಲ್ಲ; ದಾಟಿದರೆ ಎಣಿಕೆ ಗಡುವಿನ ದಿನದಿಂದಲೇ. ಬೇಡದ ಕಾರ್ಡಿದ್ದರೆ ಬಾಕಿ ತೀರಿಸಿ, ಮುಚ್ಚಲು ಬರವಣಿಗೆಯಲ್ಲಿ ಕೇಳಿ. ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ದಿನಕ್ಕೆ ₹500 ಬ್ಯಾಂಕೇ ನಿಮಗೆ ಕೊಡಬೇಕು. ಕತ್ತರಿಯಿಂದ ಕಾರ್ಡು ತುಂಡರಿಸಿ ಕಸದ ಬುಟ್ಟಿಗೆ ಹಾಕುವುದು ಮುಚ್ಚಿದಂತಲ್ಲ, ಬರೀ ಸಮಾಧಾನ.

ಇದೆಲ್ಲ ಸಣ್ಣ ಕಿರಿಕಿರಿ. ನಿಜವಾದ ಕೋಪ ಇರುವುದು 'ಸೆಟಲ್' ಎಂಬ ಪದದ ಮೇಲೆ.

ನಮ್ಮಲ್ಲಿ ಈ ಪದಕ್ಕಿರುವ ಗೌರವವೇ ಗೌರವ. "ಮಗ ಸೆಟಲ್ ಆದನಾ?" ಎನ್ನುವುದು ನೆಂಟರ ಮೊದಲ ಪ್ರಶ್ನೆ. ಸೆಟಲ್ ಆದವನಿಗೆ ಮಂಟಪದಲ್ಲಿ ಮುಂದಿನ ಕುರ್ಚಿ. ಹೀಗೆ ಹುಟ್ಟಿನಿಂದ ಕೇಳುತ್ತಾ ಬೆಳೆದವರಿಗೆ, ಕಾರ್ಡಿನ ಬಾಕಿ ಕೈಮೀರಿದ ಒಂದು ದಿನ ವಸೂಲಿಯವರ ಫೋನು ಬರುತ್ತದೆ.

"ಸರ್, ನಿಮಗೋಸ್ಕರ ಮ್ಯಾನೇಜರ್ ಹತ್ರ ಜಗಳ ಆಡಿ ಒಪ್ಪಿಸಿದೀನಿ. ಎಂಬತ್ತು ಸಾವಿರ ಬಾಕಿ ಇದೆ, ಮೂವತ್ತೈದು ಕಟ್ಟಿ, ಸೆಟಲ್ ಮಾಡ್ಬಿಡೋಣ. ಇವತ್ತು ಸಂಜೆ ಆರಕ್ಕೆ ಆಫರ್ ಮುಗಿಯುತ್ತೆ ಸರ್."

ಆ ಮ್ಯಾನೇಜರನ್ನು ಕಂಡವರಿಲ್ಲ. ಪೂಜಾರಿಯ ಬಾಯಲ್ಲಿ ಮಾತ್ರ ಮಾತಾಡುವ ದೇವರು. ಸಂಜೆ ಆರಕ್ಕೆ ಮುಗಿದ ಆಫರ್ ಮರುದಿನ ಹತ್ತಕ್ಕೆ ಸ್ನಾನ ಮಾಡಿಕೊಂಡು ಹೊಸದಾಗಿ ಬರುತ್ತದೆ. ತಿಂಗಳ ಕೊನೆ ಹತ್ತಿರವಾದಂತೆ ಮೂವತ್ತೈದು ಮೂವತ್ತಾಗುತ್ತದೆ, ಜಗಳದ ಜೋರೂ ಹೆಚ್ಚುತ್ತದೆ. "ನಿನ್ನೆ ನಿಮ್ಮಿಂದಾಗಿ ಬೈಸ್ಕೊಂಡೆ ಸರ್" ಎಂದಾಗ ಸಾಲಗಾರನಿಗೇ ಪಾಪ ಅನ್ನಿಸುತ್ತದೆ. ಕೊನೆಗೊಮ್ಮೆ ಧೈರ್ಯ ಮಾಡಿ ಕೇಳುತ್ತಾನೆ:

"ಸಿಬಿಲ್‌ಗೆ ಏನೂ ತೊಂದರೆ ಇಲ್ಲ ತಾನೇ?"

"ಅಪ್‌ಡೇಟ್ ಆಗುತ್ತೆ ಸರ್."

ಆಗುತ್ತದೆ, ಆಗದೆ ಏನು! ಇಷ್ಟು ಪ್ರಾಮಾಣಿಕವಾದ ಸುಳ್ಳು ಇನ್ನೊಂದಿಲ್ಲ. ವರದಿಯಲ್ಲಿ ಆ ಖಾತೆಯ ಮುಂದೆ 'ಸೆಟಲ್ಡ್' ಎಂದು ಬೀಳುತ್ತದೆ. ಅದರ ಅರ್ಥ: ಈ ಮನುಷ್ಯ ಕೊಡಬೇಕಾದ್ದನ್ನು ಪೂರ್ತಿ ಕೊಡಲಿಲ್ಲ, ಉಳಿದದ್ದನ್ನು ನಾವು ನುಂಗಿಕೊಂಡೆವು. ಮುಂದೆ ಮನೆ ಸಾಲಕ್ಕೆ ಹೋದಾಗ ಎದುರಿಗೆ ಕೂತ ಅಧಿಕಾರಿ ಓದುವುದು ಇದನ್ನೇ. ಸಾಲ ಸಿಕ್ಕರೂ ಬಡ್ಡಿ ಅರ್ಧ ಶೇಕಡಾ ಹೆಚ್ಚಾಯಿತು ಎಂದಿಟ್ಟುಕೊಳ್ಳಿ. ₹50 ಲಕ್ಷಕ್ಕೆ, 20 ವರ್ಷಕ್ಕೆ, ಎಂಟೂವರೆ ಒಂಬತ್ತಾದರೆ ಇಎಂಐ ತಿಂಗಳಿಗೆ ಸುಮಾರು ₹1,600 ಏರುತ್ತದೆ. 240 ಕಂತಿಗೆ ಹೆಚ್ಚುಕಡಿಮೆ ₹3.8 ಲಕ್ಷ. ಅಂದು ಉಳಿಸಿದ್ದು ಹೆಚ್ಚೆಂದರೆ ₹50,000.

ಆದ್ದರಿಂದ ಆ ಫೋನು ಬಂದಾಗ ರಿಯಾಯಿತಿ ಕೇಳಬೇಡಿ, ಕಂತು ಕೇಳಿ. ಆಗಲೇ ಸೆಟಲ್ ಆಗಿಹೋಗಿದ್ದರೂ ದಾರಿಯಿದೆ. ಬಿಟ್ಟುಕೊಟ್ಟ ಮೊತ್ತ ಎಷ್ಟೆಂದು ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆದು, ಅದನ್ನು ಕಟ್ಟಿ, 'ಬಾಕಿ ಇಲ್ಲ' ಪತ್ರ ತೆಗೆದುಕೊಂಡು, ಸ್ಥಿತಿಯನ್ನು 'ಕ್ಲೋಸ್ಡ್' ಎಂದು ಬದಲಿಸಲು ಇಮೇಲ್ ಮಾಡಿ. ರಸೀದಿಯ ನಂಬರ್ ಬರೆಯಿರಿ. ಫೋನಿನಲ್ಲಿ ಕೊಟ್ಟ ಮಾತು ಯಾವ ವರದಿಯಲ್ಲೂ ಕಾಣುವುದಿಲ್ಲ.

ತಪ್ಪು ಬ್ಯಾಂಕಿನದೇ ಆಗಿದ್ದರೆ, ಅಂದರೆ ತೀರಿದ ಸಾಲ ಇನ್ನೂ ಉಸಿರಾಡುತ್ತಿದ್ದರೆ ಅಥವಾ ನೀವು ತೆಗೆದುಕೊಳ್ಳದ ಸಾಲ ನಿಮ್ಮ ಪ್ಯಾನ್ ಮೇಲೆ ಕೂತಿದ್ದರೆ, ಸಿಬಿಲ್ ಜಾಲತಾಣದಲ್ಲಿ ದೂರು ಹಾಕಬಹುದು. ಸಿಬಿಲ್ ತಾನಾಗಿ ಒಂದಕ್ಷರ ತಿದ್ದುವುದಿಲ್ಲ, ದೂರನ್ನು ಅದೇ ಬ್ಯಾಂಕಿಗೆ ಕಳಿಸಿ "ಹೌದೇ?" ಎಂದು ಕೇಳುತ್ತದೆ. ಸುತ್ತಿ ಬಳಸಿ ಹಳೇ ಗಂಡನ ಪಾದವೇ ಗತಿ. ಆದರೂ ದೂರು ಹಾಕಿದ ತಾರೀಖು ಬರೆದಿಟ್ಟುಕೊಳ್ಳಿ. 2024ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮವೊಂದು ಜಾರಿಯಲ್ಲಿದೆ: 30 ದಿನದೊಳಗೆ ಬಗೆಹರಿಯದಿದ್ದರೆ ಮುಂದಿನ ಪ್ರತಿ ದಿನಕ್ಕೆ ₹100 ಪರಿಹಾರ. ಆ 30ರಲ್ಲಿ ಬ್ಯಾಂಕಿನ ಪಾಲು 21 ದಿನ. 42ನೇ ದಿನ ಬಗೆಹರಿದರೆ ₹1,200. ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿ.

"ಏಳು ದಿನದಲ್ಲಿ ಸ್ಕೋರ್ 800" ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ. ಸರಿಯಾದ ದಾಖಲೆಯನ್ನು ಅಳಿಸುವ ರಬ್ಬರ್ ಯಾರ ಬಳಿಯೂ ಇಲ್ಲ. ನಿಮ್ಮ ಒಟಿಪಿ ಮಾತ್ರ ಅವರ ಬಳಿ ಇರುತ್ತದೆ. ವರ್ಷಕ್ಕೊಂದು ಪೂರ್ತಿ ವರದಿಯನ್ನು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ಕೂ ಕಂಪನಿಗಳು ಪುಕ್ಕಟೆ ಕೊಡಬೇಕು. ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಾವಲು. ನಿಮ್ಮದನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಭಾವಮೈದುನನ ಸಾಲಕ್ಕೆ ಹಾಕಿದ ಜಾಮೀನು ಸಹಿಯೂ ಅಲ್ಲೇ ಸಿಗುತ್ತದೆ, ಅವನು ಸಿಗದಿದ್ದರೂ.

ವರದಿಯ ಕೆಳಗೆ ಸಾಲು ಸಾಲು ಪುಟ್ಟ ಚೌಕಗಳಿರುತ್ತವೆ, 36 ತಿಂಗಳದ್ದು. ತಡವಿಲ್ಲದ ತಿಂಗಳಿಗೆ 000. ನಡುವೆ ಎಲ್ಲೋ ಒಂದು 064. ಉದ್ರಿ ಪುಸ್ತಕದ ಅಂಗಡಿಯವರಿಗೆ ಆ ತಿಂಗಳು ಮನೆಯಲ್ಲಿ ಯಾರು ಆಸ್ಪತ್ರೆಯಲ್ಲಿದ್ದರೆಂದು ಗೊತ್ತಿರುತ್ತಿತ್ತು. ಪುಸ್ತಕ ಮಗುಚಿಟ್ಟು "ಆಮೇಲೆ ಕೊಡಿ, ಅಮ್ಮ ಹೇಗಿದ್ದಾರೆ?" ಎನ್ನುತ್ತಿದ್ದರು. ಚೌಕಕ್ಕೆ ಗೊತ್ತಿರುವುದು ಅರವತ್ತನಾಲ್ಕು ದಿನ, ಅಷ್ಟೆ. ತಿಂಗಳಿಗೊಂದು ಮನೆ ಹಿಂದೆ ಸರಿಯುತ್ತಾ, ಮೂರು ವರ್ಷಕ್ಕೆ ಅದು ಸಾಲಿನ ಕೊನೆಯಿಂದ ಉದುರುತ್ತದೆ.

ಅಲ್ಲಿಯವರೆಗೆ, ಹುಡುಗಿ ಕಡೆಯವರು ಬಂದು "ಹುಡುಗ ಸೆಟಲ್ ಆಗಿದ್ದಾನಾ?" ಎಂದು ಕೇಳಿದರೆ, ಬ್ಯಾಂಕಿನವರ್ಯಾರೂ ಪಕ್ಕದಲ್ಲಿಲ್ಲ ತಾನೇ ಎಂದು ನೋಡಿಕೊಂಡು ಉತ್ತರ ಕೊಡಿ. ಇದ್ದರೆ, "ಛೆ ಛೆ, ಎಲ್ಲಾ ಕ್ಲೋಸ್ ಮಾಡಿಕೊಂಡಿದ್ದಾನೆ" ಎನ್ನಿ.